ಪೂರ್ತಿ ಒಂದು ಗಂಟೆ

ಮಗು ಹುಟ್ಟಿದರೆ ನಿದ್ದೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೋಗುತ್ತದೆ, ನಿಜ. ಆದರೆ ನನಗೆ ಅದಕ್ಕಿಂತ ಜಾಸ್ತಿ ಕೊರತೆ ಅನ್ನಿಸಿದ್ದು ಬೇರೆಯದು. ಯಾರೂ ಮಧ್ಯೆ ಕರೆಯದ, ಪೂರ್ತಿ ಒಂದು ಗಂಟೆ. ಹತ್ತು ನಿಮಿಷ ಸಿಗುತ್ತಿತ್ತು, ಇಪ್ಪತ್ತು ಸಿಗುತ್ತಿತ್ತು. ಕೆಲವು ಸಲ ಒಂದೂವರೆ ಗಂಟೆಯೂ ಸಿಕ್ಕಿಬಿಡುತ್ತಿತ್ತು. ಆದರೆ ಅಷ್ಟು ಹೊತ್ತು ಸಿಕ್ಕಿತ್ತು ಅಂತ ಗೊತ್ತಾಗುತ್ತಿದ್ದುದು ಅದು ಮುಗಿದ ಮೇಲೆ. ಈಗ ಅಳುತ್ತಾಳೋ, ಇನ್ನೊಂದು ನಿಮಿಷಕ್ಕೆ ಅಳುತ್ತಾಳೋ ಅಂತ ಕಿವಿಯನ್ನು ತೊಟ್ಟಿಲ ಕಡೆಗೆ ಕೊಟ್ಟು ಕೂತರೆ ಆ ಹೊತ್ತು ಇದ್ದೂ ನಮ್ಮದಲ್ಲ.

ನಾನು ಚೆಸ್ ಆಡುವವಳು. ಬ್ಯಾಡ್ಮಿಂಟನ್ ಆಡುವವಳು. ರಾಜಕೀಯದ ಬಗ್ಗೆ ಅಭಿಪ್ರಾಯ ಇಟ್ಟುಕೊಂಡವಳು, ಅದನ್ನು ಜೋರಾಗಿ ಹೇಳುವವಳು. ಮೂರಕ್ಕೂ ಬೇಕಾದದ್ದು ಆ ಒಂದು ಗಂಟೆ. ಮಗಳ ಮೊದಲ ವರ್ಷದಲ್ಲಿ ಈ ಮೂರೂ ಹೇಗೆ ವಾಪಸ್ ಬಂದವು, ಬರುವಾಗ ಹೇಗೆ ಬದಲಾಗಿದ್ದವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದಿನದ ಲೆಕ್ಕ ಹೇಳಿಬಿಡುತ್ತೇನೆ. ಹಸುಗೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಆದರೆ ಒಂದೇ ಸಲಕ್ಕಲ್ಲ, ಎರಡು ಮೂರು ಗಂಟೆಯ ತುಂಡುಗಳಲ್ಲಿ. 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದೊಂದು ಸಲಕ್ಕೂ ಅರ್ಧ ಗಂಟೆ ಹಿಡಿಯಬಹುದು. ಕುಡಿಸಿ, ಭುಜಕ್ಕೆ ಹಾಕಿಕೊಂಡು ತೇಗಿಸಿ, ಡೈಪರ್ ಬದಲಿಸಿ, ಮಲಗಿಸುವ ಹೊತ್ತಿಗೆ ಮುಂದಿನ ಸರದಿ ಹತ್ತಿರ ಬಂದಿರುತ್ತದೆ. ರಾತ್ರಿ ಯಾವುದು, ಹಗಲು ಯಾವುದು ಅಂತ ಮಗುವಿಗೆ ಗೊತ್ತಿರುವುದಿಲ್ಲ. ಅದರ ದೇಹದ ಗಡಿಯಾರ ಒಂದು ಹದಕ್ಕೆ ಬರಲು ಎರಡು ಮೂರು ತಿಂಗಳು ಬೇಕು.

ಅಳುವಿಗೂ ಒಂದು ಲೆಕ್ಕ ಇದೆ ಅನ್ನುವುದು ನನಗೆ ತುಂಬಾ ಧೈರ್ಯ ಕೊಟ್ಟಿತು. ಹುಟ್ಟಿ ಎರಡು ವಾರ ಆದ ಮೇಲೆ ಮಗುವಿನ ಅಳು ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಾ ಹೋಗುತ್ತದೆ. ಎರಡನೇ ತಿಂಗಳಲ್ಲಿ ತುದಿ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳ ಹೊತ್ತಿಗೆ ಇಳಿಯುತ್ತದೆ. ಹೊಟ್ಟೆ ತುಂಬಿದ, ಜ್ವರವಿಲ್ಲದ, ಆರೋಗ್ಯವಾಗಿರುವ ಮಗುವೂ ಹೀಗೇ ಅಳುತ್ತದೆ. ಸಂಜೆ ಹೊತ್ತಿಗೆ ಇನ್ನೂ ಜಾಸ್ತಿ. ಇದನ್ನು ನಮ್ಮ ಮಕ್ಕಳ ಡಾಕ್ಟ್ರು ಮೊದಲ ಭೇಟಿಯಲ್ಲೇ ಹೇಳಿದ್ದರು. "ಅಳು ನಿಲ್ಲಿಸಲು ಆಗದಿದ್ದರೆ ನಿಮ್ಮಲ್ಲಿ ಏನೋ ಕಮ್ಮಿ ಅಂತ ಅಂದುಕೊಳ್ಳಬೇಡಿ. ತಡೆಯಲು ಆಗದಷ್ಟು ಸುಸ್ತಾದರೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ. ಯಾವ ಕಾರಣಕ್ಕೂ ಮಗುವನ್ನು ಜೋರಾಗಿ ಅಲ್ಲಾಡಿಸಬೇಡಿ" ಅಂದರು. ಮುಗುಳುನಗೆ ಬರುವುದೂ ಆರರಿಂದ ಎಂಟು ವಾರದ ಆಸುಪಾಸಿನಲ್ಲಿ. ಅಳು ಹೆಚ್ಚಾಗುವ ಕಾಲಕ್ಕೇ ನಗುವೂ ಬರುತ್ತದೆ. ನಮ್ಮ ಮನೆಯಲ್ಲೂ ಹಾಗೇ ಆಯಿತು.

ಮಲಗಿಸುವ ಬಗ್ಗೆ ಮಾತ್ರ ನಾವು ಯಾರ ಮಾತಿಗೂ ಬಗ್ಗಲಿಲ್ಲ. ಅಂಗಾತ, ಗಟ್ಟಿ ಹಾಸಿಗೆ ಮೇಲೆ, ದಿಂಬು ಇಲ್ಲ, ಸಡಿಲ ಹೊದಿಕೆ ಇಲ್ಲ, ಗೊಂಬೆ ಇಲ್ಲ. ಒಂದು ಕಾಲಕ್ಕೆ ಬೋರಲು ಮಲಗಿಸುವುದೇ ಒಳ್ಳೆಯದು ಅಂತ ಡಾಕ್ಟರುಗಳೇ ಹೇಳುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಹಲವು ದೇಶಗಳು ಅಂಗಾತ ಮಲಗಿಸಿ ಅಂತ ಪ್ರಚಾರ ಶುರುಮಾಡಿದವು. ಅಮೆರಿಕದಲ್ಲಿ ಅದು ಶುರುವಾಗಿದ್ದು 1994ರಲ್ಲಿ. ನಿದ್ದೆಯಲ್ಲೇ ಕಾರಣ ತಿಳಿಯದೆ ಮಕ್ಕಳು ಸಾಯುವುದು ಅಲ್ಲಿ ಆಮೇಲೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಒಂದು ಸರಳ ಮಾತನ್ನು ಎಲ್ಲ ಮನೆಗಳಿಗೂ ಮುಟ್ಟಿಸಿದ್ದರಿಂದ ಅಷ್ಟು ಮಕ್ಕಳು ಉಳಿದರು. ಸರ್ಕಾರ ಮನಸ್ಸು ಮಾಡಿದರೆ ತೊಟ್ಟಿಲವರೆಗೂ ಬರಬಲ್ಲದು ಅಂತ ನನಗೆ ಮೊದಲು ಅನ್ನಿಸಿದ್ದು ಇದನ್ನು ಓದಿದಾಗ.

ರಾತ್ರಿಯನ್ನು ನಾವು ಎರಡು ಪಾಳಿ ಮಾಡಿಕೊಂಡೆವು. ಒಂಬತ್ತರಿಂದ ಒಂದೂವರೆವರೆಗೆ ನನ್ನ ಗಂಡನ ಪಾಳಿ, ಆಮೇಲೆ ನನ್ನದು. ಹಾಲೂಡಿಕೆ ಒಂದು ಹದಕ್ಕೆ ಬರುವವರೆಗೆ ಕಾದು, ಆಮೇಲೆ ಪಂಪ್ ಮಾಡಿ ತೆಗೆದ ಎದೆಹಾಲನ್ನು ಫ್ರಿಡ್ಜ್‌ನಲ್ಲಿ ಇಡಲು ಶುರುಮಾಡಿದೆ. ಹೊರಗೆ ನಾಲ್ಕು ಗಂಟೆ, ಫ್ರಿಡ್ಜ್‌ನಲ್ಲಿ ನಾಲ್ಕು ದಿನ ಇಡಬಹುದು. ಅವರ ಪಾಳಿಯಲ್ಲಿ ನಾನು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಿದ್ದೆ. ಒಟ್ಟಿಗೆ ನಾಲ್ಕು ಗಂಟೆ ನಿದ್ದೆ. ಆ ನಾಲ್ಕು ಗಂಟೆ ಸಿಕ್ಕ ಮೇಲೆ ನಾನು ಮನುಷ್ಯಳಂತೆ ಯೋಚಿಸಲು ಶುರುಮಾಡಿದೆ. ಬಾಟಲಿ ಹಿಡಿದ ಅಪ್ಪನ ತೋಳಲ್ಲೂ ಮಗಳು ನಿಶ್ಚಿಂತೆಯಿಂದ ನಿದ್ದೆ ಹೋಗುತ್ತಿದ್ದಳು. ಹುಟ್ಟಿದ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರದವರೆಗೆ ಮಾತ್ರ. ತೋಳಲ್ಲಿ ಎತ್ತಿಕೊಂಡವರ ಮುಖಕ್ಕೂ ಮಗುವಿನ ಕಣ್ಣಿಗೂ ಇರುವ ದೂರ ಅಷ್ಟೇ. ಆ ಮುಖ ಅಮ್ಮನದೇ ಆಗಬೇಕು ಅಂತ ಏನೂ ಇಲ್ಲ.

ಇಲ್ಲೇ ಇನ್ನೊಂದು ಮಾತು. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ನೆ ಅಳು ಬರುವುದು, ಮನಸ್ಸು ಏರುಪೇರಾಗುವುದು ತುಂಬಾ ಜನರಿಗೆ ಇರುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದರೆ, ಅಥವಾ ಜಾಸ್ತಿಯಾದರೆ ಡಾಕ್ಟರಿಗೆ ಹೇಳಲೇಬೇಕು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಬ್ರಿಟನ್‌ನಲ್ಲಿ ತಯಾರಾದ ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ. ಹತ್ತೇ ಪ್ರಶ್ನೆ. ಕಳೆದ ಏಳು ದಿನದಲ್ಲಿ ನಿಮಗೆ ಹೇಗನ್ನಿಸಿತು ಅಂತ ಕೇಳುತ್ತದೆ. ಡಾಕ್ಟ್ರು ಅದನ್ನು ನನಗೆ ಕೊಟ್ಟರು. ನಾನು ಇನ್ನೊಂದು ಪ್ರತಿ ಕೇಳಿ ಗಂಡನಿಗೂ ಕೊಟ್ಟೆ. ಹೊಸ ಅಪ್ಪಂದಿರಲ್ಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅವರನ್ನು ಕೇಳುವವರು ಯಾರು? ನಮ್ಮಿಬ್ಬರ ಅಂಕವೂ ಕಮ್ಮಿಯೇ ಬಂತು, ಅಂದರೆ ಚಿಂತೆ ಪಡುವಂಥದ್ದಿರಲಿಲ್ಲ. ಆದರೂ ಅವತ್ತು ಇಬ್ಬರೂ ಎದುರುಬದುರು ಕೂತು ಆ ಹತ್ತು ಪ್ರಶ್ನೆಗೆ ಉತ್ತರ ಬರೆದದ್ದು ನಮಗೆ ಬಹಳ ಒಳ್ಳೆಯದಾಯಿತು.

ಚೆಸ್ ಮೊದಲು ವಾಪಸ್ ಬಂತು. ಮೊದಲು ನಾನು ಆಡುತ್ತಿದ್ದುದು ಬ್ಲಿಟ್ಜ್, ಒಬ್ಬೊಬ್ಬರಿಗೆ ಐದು ನಿಮಿಷದ ಆಟ. ಮಗು ಎದ್ದರೆ ಆಟ ಹೋಯಿತು. ನಾನು ಸೋಲುವುದಿರಲಿ, ಎದುರಿನವರ ಆಟವೂ ಹಾಳು. ಅದನ್ನು ಬಿಟ್ಟೆ. ಅದರ ಬದಲು ಒಂದು ನಡೆಗೆ ಮೂರು ದಿನ ಸಮಯ ಇರುವ ಆಟ ಹಿಡಿದೆ. ಇದು ಹೊಸದೇನಲ್ಲ. ಮೊದಲು ಇದನ್ನು ಅಂಚೆ ಕಾರ್ಡಿನಲ್ಲಿ ಆಡುತ್ತಿದ್ದರು. ನಡೆ ಬರೆದು ಅಂಚೆಗೆ ಹಾಕಿ, ಉತ್ತರಕ್ಕೆ ವಾರಗಟ್ಟಲೆ ಕಾಯುವುದು. ಒಂದು ಆಟ ಮುಗಿಯಲು ವರ್ಷಗಳೇ ಹಿಡಿಯುತ್ತಿದ್ದವು. ಅದಕ್ಕೇ ಬೇರೆ ಅಂತರರಾಷ್ಟ್ರೀಯ ಒಕ್ಕೂಟ 1951ರಿಂದ ಇದೆ. ಅಂಚೆ ಚೆಸ್‌ನ ಮೊದಲ ವಿಶ್ವ ಚಾಂಪಿಯನ್ ಆದದ್ದು ಆಸ್ಟ್ರೇಲಿಯಾದ ಸೆಸಿಲ್ ಪರ್ಡಿ, 1953ರಲ್ಲಿ.

ಈ ಆಟ ನನ್ನ ಹೊಸ ದಿನಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಎಡಗೈಯಲ್ಲಿ ಮಗಳು, ಬಲಗೈಯಲ್ಲಿ ಫೋನು. ಬೆಳಗಿನ ಜಾವ ಹಾಲು ಕುಡಿಸುವಾಗ ಎದುರಾಳಿಯ ನಡೆ ನೋಡುವುದು. ಹಗಲೆಲ್ಲಾ ಬಟ್ಟೆ ಮಡಚುವಾಗ, ಮಗಳನ್ನು ತಟ್ಟುವಾಗ, ಆ ಪಟ ತಲೆಯಲ್ಲೇ ಇರುವುದು. ಕುದುರೆಯನ್ನು ಅಲ್ಲಿಟ್ಟರೆ ಅವನ ಆನೆ ಎಲ್ಲಿಗೆ ಹೋಗುತ್ತದೆ? ಕಾಲಾಳು ಕೊಟ್ಟರೆ ನನಗೆ ಸಿಗುವುದೇನು? ಸಂಜೆ ಹೊತ್ತಿಗೆ ಉತ್ತರ ಹೊಳೆಯುತ್ತಿತ್ತು, ರಾತ್ರಿ ಪಾಳಿಯಲ್ಲಿ ನಡೆ ಕಳಿಸುತ್ತಿದ್ದೆ. ಬ್ಲಿಟ್ಜ್ ಆಡುವಾಗ ಬೆರಳು ಓಡುತ್ತದೆ, ಯೋಚನೆ ಹಿಂದೆ ಉಳಿಯುತ್ತದೆ. ಇಲ್ಲಿ ಒಂದೊಂದು ನಡೆಯನ್ನೂ ಎಲ್ಲ ಕಡೆಯಿಂದ ನೋಡಿ ಇಡಬೇಕು. ಆಟದ ಕೊನೆಯ ಘಟ್ಟ, ಅಂದರೆ ಪಟದ ಮೇಲೆ ನಾಲ್ಕೈದು ಕಾಯಿ ಉಳಿದ ಮೇಲಿನ ಆಟ, ನನಗೆ ನಿಜವಾಗಿ ಅರ್ಥವಾಗಿದ್ದು ಬಾಣಂತಿಯಾಗಿದ್ದ ಆ ತಿಂಗಳುಗಳಲ್ಲಿ. ತಲೆಯೊಳಗೆ ಮಗುವಿನ ಡೈಪರ್ ಲೆಕ್ಕ, ಹಾಲಿನ ಲೆಕ್ಕ ಬಿಟ್ಟು ನನ್ನದೇ ಆದ ಒಂದು ಲೆಕ್ಕ ನಡೆಯುತ್ತಿತ್ತು ಅನ್ನುವುದು ದೊಡ್ಡ ಸಮಾಧಾನ.

ಬ್ಯಾಡ್ಮಿಂಟನ್ ಹಾಗಲ್ಲ. ಅದಕ್ಕೆ ದೇಹ ಬೇಕು, ಕೋರ್ಟ್ ಬೇಕು, ಜೊತೆಗೆ ಆಡುವವರು ಬೇಕು. ಎಲ್ಲಕ್ಕಿಂತ ಮೊದಲು, ಮನೆಯಿಂದ ಹೊರಗೆ ಪೂರ್ತಿ ಒಂದು ಗಂಟೆ ಬೇಕು.

"ಏನೇ, ಯಾವಾಗ ಬರ್ತೀಯಾ? ನೀನಿಲ್ಲದೆ ಡಬಲ್ಸ್ ನಿಂತೇ ಹೋಗಿದೆ" ಅಂತ ಗೆಳತಿ ಕೇಳುತ್ತಲೇ ಇದ್ದಳು. ನನಗೂ ಆಸೆ. ಆದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗದೆ ರಾಕೆಟ್ ಮುಟ್ಟುವುದಿಲ್ಲ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಬ್ಯಾಡ್ಮಿಂಟನ್ ನೋಡಲು ಹಗುರ. ಆಡುವಾಗ ಮೈಗೆ ಬೀಳುವ ಹೊಡೆತ ಹಗುರ ಅಲ್ಲ. ನೆಟ್ ಹತ್ತಿರ ಬಿದ್ದ ಶಟಲ್ ಎತ್ತಲು ಒಂದು ಕಾಲನ್ನು ದೂರಕ್ಕೆ ಚಾಚಿ ಬಗ್ಗಬೇಕು, ಮರುಕ್ಷಣ ಹಿಂದಕ್ಕೆ ಓಡಿ ಹಾರಿ ಹೊಡೆಯಬೇಕು. ಆ ಹಾರಿ ಇಳಿಯುವ ಭಾರವನ್ನು ತಡೆಯುವುದರಲ್ಲಿ ಕಾಲಿನ ಜೊತೆ ಕಿಬ್ಬೊಟ್ಟೆಯ ಕೆಳಗಿನ ಪೆಲ್ವಿಕ್ ಫ್ಲೋರ್ ಅನ್ನುವ ಸ್ನಾಯುಗಳ ಪಾಲೂ ಇದೆ. ಒಂಬತ್ತು ತಿಂಗಳು ಮಗುವಿನ ಭಾರ ಹೊತ್ತು, ಹೆರಿಗೆಯಲ್ಲಿ ಹಿಗ್ಗಿದ ಸ್ನಾಯುಗಳು ಅವು. ಅವು ಗಟ್ಟಿಯಾಗುವ ಮೊದಲೇ ಕುಣಿದರೆ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆ ಉಳಿದುಬಿಡಬಹುದು. ಇದನ್ನು ಹೆಂಗಸರು ಒಬ್ಬರಿಗೊಬ್ಬರು ಕೂಡ ಹೇಳಿಕೊಳ್ಳುವುದಿಲ್ಲ. ಅದಕ್ಕೇ ನಾನು ಬಿಡಿಸಿ ಬರೆಯುತ್ತಿದ್ದೇನೆ. ಇದಕ್ಕೆ ಚಿಕಿತ್ಸೆ ಇದೆ, ವ್ಯಾಯಾಮ ಇದೆ, ಸಹಿಸಿಕೊಂಡು ಬದುಕಬೇಕಿಲ್ಲ.

2019ರಲ್ಲಿ ಬ್ರಿಟನ್‌ನ ಮೂವರು ಫಿಸಿಯೋಥೆರಪಿಸ್ಟ್‌ಗಳು ಹೆರಿಗೆಯ ನಂತರ ಓಟಕ್ಕೆ ಮರಳುವ ಬಗ್ಗೆ ಮಾರ್ಗಸೂಚಿ ಬರೆದರು. ಕನಿಷ್ಠ 12 ವಾರ ಓಡಬೇಡಿ, ಆಮೇಲೂ ದೇಹ ಪರೀಕ್ಷೆ ಮಾಡಿಸಿಯೇ ಶುರುಮಾಡಿ ಅನ್ನುವುದು ಅದರ ಸಾರ. ನನ್ನ ಫಿಸಿಯೋ ಅದನ್ನೇ ಹಿಡಿದರು. ಮೊದಲು ಕೆಗೆಲ್ ವ್ಯಾಯಾಮ. ಮೂತ್ರ ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿ ಮಾಡಿ, ಸ್ವಲ್ಪ ಹೊತ್ತು ಹಿಡಿದು, ಪೂರ್ತಿ ಸಡಿಲ ಬಿಡುವುದು. ಅರ್ನಾಲ್ಡ್ ಕೆಗೆಲ್ ಅನ್ನುವ ಅಮೆರಿಕದ ಸ್ತ್ರೀರೋಗ ತಜ್ಞ 1948ರಲ್ಲಿ ಇದರ ಬಗ್ಗೆ ಬರೆದ. ಹಾಲು ಕುಡಿಸುತ್ತಾ ಕೂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಜೊತೆಗೆ ನಡಿಗೆ. ಮೊದಲು ಮನೆಯೊಳಗೆ, ಆಮೇಲೆ ಮಗಳನ್ನು ಎದೆಗೆ ಕಟ್ಟಿಕೊಂಡು ಹೊರಗೆ. ಹೊಟ್ಟೆಯ ಸ್ನಾಯುಗಳು ನಡುವೆ ಬಿಟ್ಟುಕೊಂಡಿರುವುದು ಎಷ್ಟು ಕೂಡಿದೆ ಅಂತ ಅವರು ಬೆರಳಿಟ್ಟು ನೋಡುತ್ತಿದ್ದರು. ಒಂಟಿ ಕಾಲಲ್ಲಿ ನಿಲ್ಲಿಸಿದರು, ಒಂಟಿ ಕಾಲಲ್ಲಿ ಕುಪ್ಪಳಿಸಿ ಅಂದರು. ಸೋರಿಕೆ ಇಲ್ಲ, ನೋವಿಲ್ಲ, ಕೆಳಗೆ ಭಾರ ಎಳೆದಂತೆ ಅನ್ನಿಸುವುದಿಲ್ಲ ಅಂತ ಖಾತ್ರಿಯಾದ ಮೇಲೆ, "ಇನ್ನು ಕೋರ್ಟಿಗೆ ಹೋಗಮ್ಮ, ಆದರೆ ಹಾರಬೇಡ" ಅಂದರು.

ಹೋದೆ. ಹೊರಡುವ ಮೊದಲು ಮಗಳಿಗೆ ಹಾಲು ಕುಡಿಸಿಬಿಟ್ಟರೆ ಮೈ ಹಗುರ, ಅವಳೂ ಸುಮಾರು ಹೊತ್ತು ನೆಮ್ಮದಿ. ಹದವಾಗಿ ವ್ಯಾಯಾಮ ಮಾಡಿದರೆ ಎದೆಹಾಲು ಕಮ್ಮಿಯಾಗುವುದಿಲ್ಲ, ಆ ಭಯ ಬೇಡ. ಮೊದಲ ವಾರಗಳಲ್ಲಿ ಬರೀ ನಿಂತಲ್ಲಿಂದ ಕ್ಲಿಯರ್ (ಶಟಲನ್ನು ಎತ್ತರಕ್ಕೆ, ಆ ಕಡೆಯ ಹಿಂಬದಿಗೆ ಹೊಡೆಯುವುದು), ಡ್ರಾಪ್ (ಮೆಲ್ಲಗೆ ನೆಟ್ ಹತ್ತಿರವೇ ಬೀಳಿಸುವುದು). ಡಬಲ್ಸ್‌ನಲ್ಲಿ ನೆಟ್ ಹತ್ತಿರ ನಾನು, ಹಿಂದೆ ಓಡುವ ಕೆಲಸ ಗೆಳತಿಯದು. ಅವಳು ಒಂದು ಸಲವೂ ಬೇಸರ ಮಾಡಿಕೊಳ್ಳಲಿಲ್ಲ. ನಿಧಾನಕ್ಕೆ ಕಾಲು ಚಾಚಿದೆ, ಆಮೇಲೆ ಹಾರಿದೆ. ಹಿಂದಿನ ಗೆರೆಯಿಂದ ಹೊಡೆದ ಸ್ಮ್ಯಾಷ್ ಮೊದಲ ಸಲ ಆ ಕಡೆ ನೆಲಕ್ಕೆ ಬಿದ್ದಾಗ ಗೆಳತಿ ಕೂಗಿದ ಕೂಗಿಗೆ ಪಕ್ಕದ ಕೋರ್ಟಿನವರೂ ಆಟ ನಿಲ್ಲಿಸಿ ನೋಡಿದರು.

ಈ ಒಂದು ಗಂಟೆಯನ್ನು ನನಗೆ ಕೊಟ್ಟದ್ದು ನನ್ನ ಗಂಡ. ಅವರು ಮನೆಯಲ್ಲಿ ಮಗಳ ಜೊತೆ ಇದ್ದರು, ಫೋನ್ ಮಾಡಲಿಲ್ಲ, ಬೇಗ ಬಾ ಅನ್ನಲಿಲ್ಲ. ವಾರದ ಇನ್ನೊಂದು ದಿನ ಅವರ ಗಂಟೆ. ಅವರು ಈಜಲು ಹೋಗುತ್ತಾರೆ. ಅವತ್ತು ನಾನು ಫೋನ್ ಮಾಡುವುದಿಲ್ಲ. ಈ ಲೆಕ್ಕವನ್ನು ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇವೆ. ಬಾಯಿಮಾತಿನಲ್ಲಿ ಬಿಟ್ಟರೆ ಅಮ್ಮನ ಗಂಟೆಯೇ ಮೊದಲು ಮಾಯವಾಗುತ್ತದೆ, ಇದು ನನ್ನ ಗಟ್ಟಿ ನಂಬಿಕೆ.

ಇಲ್ಲಿಂದ ನನ್ನ ರಾಜಕೀಯ ಶುರುವಾಗುತ್ತದೆ.

ನನ್ನ ಗಂಡನಿಗೆ ಮೊದಲ ತಿಂಗಳುಗಳಲ್ಲಿ ರಜೆ ಸಿಕ್ಕಿದ್ದು ಅವರ ಮೇಲಿನವರು ಒಳ್ಳೆಯವರು ಅನ್ನುವ ಕಾರಣಕ್ಕೆ. ಹಕ್ಕಿನಿಂದ ಸಿಕ್ಕಿದ್ದಲ್ಲ. ಮೇಲಿನವರು ಬೇರೆಯವರಾಗಿದ್ದರೆ ರಾತ್ರಿ ಪಾಳಿ ಇಲ್ಲ, ನನಗೆ ನಾಲ್ಕು ಗಂಟೆ ನಿದ್ದೆ ಇಲ್ಲ, ಚೆಸ್ ಇಲ್ಲ, ಕೋರ್ಟ್ ಇಲ್ಲ. ಒಬ್ಬ ಮನುಷ್ಯರ ಒಳ್ಳೆಯತನದ ಮೇಲೆ ಇದೆಲ್ಲಾ ನಿಂತಿರಬಾರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ನೇ ಇಸವಿಯ ಹೆರಿಗೆ ರಕ್ಷಣೆ ಒಪ್ಪಂದ ತಾಯಿಗೆ ಕನಿಷ್ಠ 14 ವಾರ ರಜೆ ಬೇಕು ಅನ್ನುತ್ತದೆ. ಕೆಲಸಕ್ಕೆ ಮರಳಿದ ಮೇಲೆ ಹಾಲೂಡಿಸಲು ದಿನಕ್ಕೆ ಒಂದು ಅಥವಾ ಹೆಚ್ಚು ಬಿಡುವು ಕೊಡಬೇಕು, ಇಲ್ಲವೇ ಕೆಲಸದ ಹೊತ್ತು ಕಮ್ಮಿ ಮಾಡಬೇಕು, ಆ ಹೊತ್ತನ್ನು ಕೆಲಸದ ಹೊತ್ತು ಅಂತಲೇ ಎಣಿಸಬೇಕು, ಸಂಬಳ ಹಿಡಿಯಬಾರದು ಅನ್ನುತ್ತದೆ. ಒಳ್ಳೆಯ ಮಾತು. ಆದರೆ ಆ ಒಪ್ಪಂದದಲ್ಲಿ ಅಪ್ಪನಿಗೆ ಇಷ್ಟು ದಿನ ರಜೆ ಅನ್ನುವ ಮಾತಿಲ್ಲ.

ಬೇರೆ ದಾರಿ ಇದೆ ಅಂತ ತೋರಿಸಿದ ದೇಶಗಳಿವೆ. ಸ್ವೀಡನ್ 1974ರಲ್ಲೇ ತಾಯಿಯ ರಜೆಯನ್ನು ಬದಲಿಸಿ ಅಪ್ಪ ಅಮ್ಮ ಇಬ್ಬರೂ ಹಂಚಿಕೊಳ್ಳುವ ರಜೆ ತಂದಿತು. ಕಾಗದದ ಮೇಲೆ ಸಮಾನ. ಆದರೆ ಬಹುಪಾಲು ಅಪ್ಪಂದಿರು ತಮ್ಮ ಪಾಲನ್ನೂ ಅಮ್ಮಂದಿರಿಗೇ ಬಿಟ್ಟರು. ನಾರ್ವೆ 1993ರಲ್ಲಿ ನಾಲ್ಕು ವಾರವನ್ನು ಅಪ್ಪನಿಗೆಂದೇ ಮೀಸಲಿಟ್ಟಿತು. ಅವನು ತೆಗೆದುಕೊಳ್ಳದಿದ್ದರೆ ಆ ರಜೆ ಹೋಗುತ್ತದೆ, ಅಮ್ಮನಿಗೂ ಸಿಗುವುದಿಲ್ಲ. ಅಲ್ಲಿಯವರೆಗೆ ತೀರಾ ಕೆಲವೇ ಅಪ್ಪಂದಿರು ರಜೆ ಹಾಕುತ್ತಿದ್ದರು. ಕೆಲವೇ ವರ್ಷಗಳಲ್ಲಿ ಹೆಚ್ಚಿನವರು ಹಾಕತೊಡಗಿದರು. ಸ್ವೀಡನ್ನೂ ಆಮೇಲೆ ಅದೇ ದಾರಿಗೆ ಬಂತು. ಈಗ ಅಲ್ಲಿ ಒಟ್ಟು 480 ದಿನದಲ್ಲಿ ಒಬ್ಬೊಬ್ಬರಿಗೆ 90 ದಿನ ಮೀಸಲು. ಐಸ್‌ಲ್ಯಾಂಡ್‌ನಲ್ಲಿ 2021ರಿಂದ ಇಬ್ಬರಿಗೂ ಆರಾರು ತಿಂಗಳು, ಅದರಲ್ಲಿ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬಹುದಾದದ್ದು ಆರೇ ವಾರ.

ಐಸ್‌ಲ್ಯಾಂಡ್ ಸುಮ್ನೆ ಅಲ್ಲಿಗೆ ಮುಟ್ಟಲಿಲ್ಲ. 1975ರ ಅಕ್ಟೋಬರ್ 24ರಂದು ಆ ದೇಶದ ನೂರಕ್ಕೆ ಸುಮಾರು 90 ಹೆಂಗಸರು ಕೆಲಸ ನಿಲ್ಲಿಸಿದರು. ಕಚೇರಿ ಕೆಲಸ, ಅಡುಗೆ, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲವನ್ನೂ. ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಕಚೇರಿಗೆ ಹೋಗಬೇಕಾಯಿತು. ಹಾಲೂಡಿಸುತ್ತಾ ಇದನ್ನು ಓದಿದ ರಾತ್ರಿ ನನಗೆ ಖುಷಿಗೆ ನಿದ್ದೆಯೇ ಬರಲಿಲ್ಲ.

ಕ್ರೀಡೆಯಲ್ಲೂ ಇದೇ ಕಥೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡು ಮಕ್ಕಳ ತಾಯಿ, ನೆದರ್ಲೆಂಡ್ಸ್‌ನ ಫ್ಯಾನಿ ಬ್ಲಾಂಕರ್ಸ್ ಕೋಯೆನ್ ಓಟದಲ್ಲಿ ನಾಲ್ಕು ಚಿನ್ನ ಗೆದ್ದರು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಬಿಟ್ಟು ಇದೇನು ಅಂತ ಅವರನ್ನು ಟೀಕಿಸಿದವರಿದ್ದರು. ಮೇರಿ ಕೋಮ್ 2007ರಲ್ಲಿ ಅವಳಿ ಮಕ್ಕಳನ್ನು ಹೆತ್ತು, 2008ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು. ಇವರ ಛಲ ದೊಡ್ಡದು. ಆದರೆ ಎಲ್ಲ ತಾಯಂದಿರಿಗೂ ಛಲ ತೋರಿಸಿ ಅನ್ನುವುದು ನ್ಯಾಯ ಅಲ್ಲ, ನಿಯಮ ಬದಲಾಗಬೇಕು. ಸೆರೆನಾ ವಿಲಿಯಮ್ಸ್ ಮಗಳನ್ನು ಹೆತ್ತು 2018ರ ಫ್ರೆಂಚ್ ಓಪನ್‌ಗೆ ಬಂದಾಗ ಅವರಿಗೆ ಸೀಡಿಂಗ್, ಅಂದರೆ ಮೊದಲ ಸುತ್ತುಗಳಲ್ಲೇ ಬಲಿಷ್ಠರ ಎದುರು ಬೀಳದಂತೆ ಟೂರ್ನಿಯಲ್ಲಿ ಕೊಡುವ ಮೇಲಿನ ಸ್ಥಾನ, ಇರಲಿಲ್ಲ. ಆ ವರ್ಷದ ಕೊನೆಗೆ ಮಹಿಳಾ ಟೆನಿಸ್ ನಿಯಮ ಬದಲಾಯಿತು. ಈಗ ಹೆರಿಗೆಯಾದ ಆಟಗಾರ್ತಿ ಮೂರು ವರ್ಷದವರೆಗೆ ತನ್ನ ಹಳೆಯ ರ‍್ಯಾಂಕಿಂಗ್ ಬಳಸಿ ಟೂರ್ನಿ ಸೇರಬಹುದು. ಟೋಕಿಯೊ ಒಲಿಂಪಿಕ್ಸ್‌ಗೆ ಹಾಲು ಕುಡಿಯುವ ಮಕ್ಕಳನ್ನು ಕರೆತರುವಂತಿಲ್ಲ ಅಂದಿದ್ದರು. ಕೆನಡಾದ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಕಿಮ್ ಗೌಶೆ ಎಲ್ಲರ ಮುಂದೆ ಪ್ರಶ್ನೆ ಎತ್ತಿದರು, ಅನುಮತಿ ಸಿಕ್ಕಿತು. 2024ರ ಪ್ಯಾರಿಸ್ ಹೊತ್ತಿಗೆ ಕ್ರೀಡಾಗ್ರಾಮದಲ್ಲಿ ಮಕ್ಕಳಿಗೆಂದೇ ಕೋಣೆ ಬಂತು. ಕೇಳಿದ್ದರಿಂದ ಬಂತು.

ನಾನೂ ಕೇಳಲು ಶುರುಮಾಡಿದೆ. ಕೆಲಸಕ್ಕೆ ಮರಳಿದಾಗ ನಮ್ಮ ಕಚೇರಿಯಲ್ಲಿ ಹಾಲು ಪಂಪ್ ಮಾಡಲು ಜಾಗ ಇರಲಿಲ್ಲ. "ಟಾಯ್ಲೆಟ್ ಇದೆಯಲ್ಲಾ ಮೇಡಂ" ಅಂದರು. ನೀವು ಅಲ್ಲಿ ಕೂತು ಊಟ ಮಾಡುತ್ತೀರಾ ಅಂತ ಕೇಳಿದೆ. ಅದು ನನ್ನ ಮಗಳ ಊಟ. ನನ್ನ ಹಾಗೇ ಇದ್ದ ಇನ್ನೂ ಕೆಲವರನ್ನು ಸೇರಿಸಿ ಪತ್ರ ಬರೆದೆವು. ಬಾಗಿಲಿಗೆ ಚಿಲಕ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಕೈ ತೊಳೆಯಲು ನೀರು, ಹಾಲಿಡಲು ಸಣ್ಣ ಫ್ರಿಡ್ಜ್. ಕೇಳಿದ್ದು ಇಷ್ಟೇ. ಮೊದಲು ನೋಡೋಣ ಅಂದರು. ಮತ್ತೆ ಹೋದೆವು, ಮತ್ತೆ ಹೋದೆವು. ಹಳೆಯ ಕಡತ ತುಂಬಿದ್ದ ಒಂದು ಕೋಣೆ ಖಾಲಿಯಾಯಿತು. ಈಗ ಅಲ್ಲಿ ಕುರ್ಚಿ ಇದೆ, ಫ್ರಿಡ್ಜ್ ಇದೆ.

ಮೊದಲೆಲ್ಲಾ ನನ್ನ ರಾಜಕೀಯ ಅಂದರೆ ಯಾರು ಗೆಲ್ಲುತ್ತಾರೆ, ಯಾರು ಏನಂದರು ಅನ್ನುವ ಚರ್ಚೆ. ಈಗ ಮತ ಕೇಳಲು ಬಂದವರಿಗೆ ನನ್ನ ಪ್ರಶ್ನೆ ಬೇರೆ. ಶಿಶುವಿಹಾರಕ್ಕೆ ಎಷ್ಟು ಹಣ ಇಡುತ್ತೀರಿ? ದಿನಗೂಲಿಗೆ ಹೋಗುವ ತಾಯಿಗೆ ರಜೆಯ ಸಂಬಳ ಯಾರು ಕೊಡುತ್ತಾರೆ? ಅಪ್ಪನಿಗೆ ಎಷ್ಟು ವಾರ? ಎಲ್ಲ ಪಕ್ಷದವರಿಗೂ ಇದನ್ನೇ ಕೇಳುತ್ತೇನೆ. ಮಗಳನ್ನು ಎತ್ತಿಕೊಂಡೇ ಕೇಳುತ್ತೇನೆ. ನ್ಯೂಜಿಲೆಂಡ್ ಪ್ರಧಾನಿಯಾಗಿದ್ದ ಜಸಿಂಡಾ ಆರ್ಡರ್ನ್ 2018ರಲ್ಲಿ ಮೂರು ತಿಂಗಳ ಮಗಳನ್ನು ವಿಶ್ವಸಂಸ್ಥೆಯ ಸಭೆಗೆ ಕರೆದುಕೊಂಡು ಹೋಗಿದ್ದರು. ಜೊತೆಗೆ ಅವರ ಸಂಗಾತಿಯೂ ಇದ್ದರು, ಮಗುವನ್ನು ನೋಡಿಕೊಳ್ಳಲು. ಆ ಎರಡನೇ ಭಾಗವನ್ನು ನಾನು ಪ್ರತಿ ಸಲವೂ ಒತ್ತಿ ಹೇಳುತ್ತೇನೆ.

ಕಚೇರಿಯಲ್ಲಿ ನಮ್ಮ ಎರಡನೇ ಪತ್ರ ಈಗ ತಯಾರಾಗುತ್ತಿದೆ. ಅಪ್ಪಂದಿರಿಗೆ ಸಂಬಳದ ಜೊತೆ ರಜೆ, ಅದೂ ಬೇರೆಯವರಿಗೆ ಬಿಟ್ಟುಕೊಡಲು ಆಗದಂಥ ರಜೆ ಬೇಕು ಅಂತ ಅದರಲ್ಲಿದೆ. ಸಹಿ ಹಾಕಿದವರಲ್ಲಿ ಈ ಸಲ ಗಂಡಸರೇ ಜಾಸ್ತಿ. ಸೋಮವಾರ ಕೊಡುತ್ತೇವೆ. ಅವತ್ತು ಸಂಜೆ ಕೋರ್ಟ್ ಬುಕ್ ಮಾಡಿದ್ದಾಳೆ ಗೆಳತಿ, ಮಗಳನ್ನು ನೋಡಿಕೊಳ್ಳುವ ಸರದಿ ಅವಳಪ್ಪನದು.